ರಾಯವ್ವನ ಕತ್ತೆ ಕಿಟ್ಲಿ

ಗಡಿಗೆ ಸುಟ್ಟ ಆವಿಗೆ ತೆಗೆಯುವ ದಿನ ಹೂಲಿಯ ಕುಂಬಾರ ಓಣಿಗೆ ಒಂದು ಕಳೆ ಬರುತ್ತದೆ. ಬೂದಿ ಕೆದರಿ ಸುಟ್ಟ ಗಡಿಗೆಗಳನ್ನು ಒಂದೊಂದಾಗಿ ಹೊರಗೆ ತೆಗೆಯುವಾಗ ಹುಡುಗರು ಸುತ್ತ ನಿಂತು ನೋಡುತ್ತಾರೆ, ಹಿರಿಯರು ಬೆರಳ ಗೆಣ್ಣಿನಿಂದ ಬಡಿದು ಸದ್ದು ಕೇಳುತ್ತಾರೆ. ಆ ಸಲ ಮಾತ್ರ ಮಹಾಂತಪ್ಪ ಗಡಿಗೆಗೆ ಕೈ ಹಚ್ಚಲಿಲ್ಲ. ಬೂದಿಯಲ್ಲಿ ಕೈಯಾಡಿಸಿ ಒಂದು ಕೋಡು ಎತ್ತಿ ಹಿಡಿದ. ಬೆರಳುದ್ದದ ಮಣ್ಣಿನ ಕೋಡು, ಕೆಂಪಗೆ ಬೆಂದದ್ದು.

"ಬಸವಣ್ಣನ್ನ ಸುಟ್ಟಳು," ಎಂದ. ಓಣಿಗೆಲ್ಲ ಕೇಳಲಿ ಎಂದೇ ಎಂದ. "ನೋಡ್ರಿ, ಕಣ್ಣ ತೆರದು ನೋಡ್ರಿ. ಎತ್ತನ್ನ ಬೆಂಕ್ಯಾಗ ಹಾಕಿದ್ರ ಹಿಂಗಾಗತೈತಿ. ತಾನೂ ಸಿಡದು ಹೋತು, ನನ್ನ ಗಡಗೀನೂ ಕರಕೊಂಡು ಹೋತು."

ರಾಯವ್ವ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ತನ್ನ ಮನೆಯ ಬಾಗಿಲಲ್ಲಿ ನಿಂತಿದ್ದಳು. ಮಹಾಂತಪ್ಪ ಅವಳ ಗಂಡನ ಅಣ್ಣ. ಭಾವನ ಎದುರಿಗೆ ಬರಬಾರದು, ಬಂದರೂ ಬಾಯಿ ತೆರೆಯಬಾರದು ಎಂಬುದು ಆ ಮನೆಯ ರೀತಿ. ಸೊಸೆಯಾಗಿ ಕಾಲಿಟ್ಟಾಗಿನಿಂದ, ತಲೆಗೂದಲು ನೆರೆಯುವವರೆಗೆ, ಅವಳು ಅವನೊಂದಿಗೆ ನೇರವಾಗಿ ಒಂದು ಮಾತು ಆಡಿದವಳಲ್ಲ. ಏನಾದರೂ ಹೇಳಬೇಕಿದ್ದರೆ ಗೋಡೆಗೆ ಹೇಳಿದಂತೆ ಹೇಳುವುದು, ಅದನ್ನು ಗಂಡನೋ ನೆಗೆಣ್ಣಿ ಯಲ್ಲವ್ವನೋ ಅವನಿಗೆ ಮುಟ್ಟಿಸುವುದು. ಅವನ ಮಾತೂ ಹಾಗೆಯೇ ಸುತ್ತು ಹಾಕಿ ಬರುವುದು. ಆ ದಿನವೂ ಅವಳು ತುಟಿ ಬಿಚ್ಚಲಿಲ್ಲ. ಆದರೆ ಸೆರಗಿನೊಳಗೆ ಅವಳ ಹಲ್ಲು ಕಟಕಟ ಕಡಿದದ್ದು ಪಕ್ಕದಲ್ಲಿ ನಿಂತ ಸೊಸೆ ರಾಣಿಗೆ ಕೇಳಿಸಿತು.

ಆ ಸಿಟ್ಟು ಅವತ್ತು ಹುಟ್ಟಿದ್ದಲ್ಲ. ಅದಕ್ಕೂ ವಯಸ್ಸಾಗಿತ್ತು.

ರಾಯವ್ವ ಕಟಕೋಳದ ಕುಂಬಾರರ ಮಗಳು. ತವರಿನಲ್ಲೂ ಅದೇ ಮಣ್ಣು, ಗಂಡನ ಮನೆಯಲ್ಲೂ ಅದೇ ಮಣ್ಣು. ಕೆರೆಯಿಂದ ಮಣ್ಣು ಹೊತ್ತು ತರುವುದು, ಕಲ್ಲು ಆರಿಸುವುದು, ಬೂದಿ ಬೆರೆಸಿ ತುಳಿಯುವುದು, ಗಡಿಗೆ ನೆರಳಿಗಿಟ್ಟು ಒಣಗಿಸುವುದು, ತಲೆಯ ಮೇಲೆ ಹೊತ್ತು ಸವದತ್ತಿಯ ಸಂತೆಗೆ ಒಯ್ಯುವುದು ಎಲ್ಲ ಹೆಂಗಸಿನ ಪಾಲಿನದು. ಗಡಿಗೆ ತಿರುಗಿಸುವ ತಿಗರಿಯನ್ನು ಮಾತ್ರ ಹೆಂಗಸು ಮುಟ್ಟಬಾರದು. ಆವಿಗೆ ಒಟ್ಟುವಾಗ ಹತ್ತಿರ ಸುಳಿಯಬಾರದು. ಅವಳ ಕೈಗೆಂದು ಬಿಟ್ಟಿದ್ದು ಹಬ್ಬದ ದೇವರುಗಳು. ಮಣ್ಣೆತ್ತಿನ ಅಮಾವಾಸ್ಯೆಗೆ ಜೋಡೆತ್ತು, ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ, ಪಂಚಮಿಗೆ ನಾಗಪ್ಪ. ಇವನ್ನು ಯಾರೂ ಸುಡುವುದಿಲ್ಲ. ಹಸಿ ಮಣ್ಣಿಗೇ ಪೂಜೆ, ಪೂಜೆ ಮುಗಿದ ಮೇಲೆ ನೀರಿಗೆ.

ರಾಯವ್ವನ ಎತ್ತು ಅಂದರೆ ಎತ್ತು. ಕೊರಳು ಕೊಂಕಿಸಿ, ಒಂದು ಕಿವಿ ಹಿಂದಕ್ಕೆ ಮಡಿಸಿ, ಯಾರೋ ಕರೆದರು ಎಂಬಂತೆ ನಿಲ್ಲುವ ಎತ್ತು. ಒಕ್ಕಲಿಗರ ಮನೆಯ ಮುದುಕರು ಅದನ್ನು ಅಂಗೈಯ ಮೇಲಿಟ್ಟುಕೊಂಡು, "ಇದು ನಮ್ಮ ಸತ್ತ ಹೋರಿ ಇದ್ದಂಗ ಐತಲ್ಲೋ," ಎಂದು ಕಣ್ಣು ಒರೆಸಿಕೊಂಡದ್ದುಂಟು. ಆಮೇಲೆ ಅದೇ ಎತ್ತನ್ನು ಅದೇ ಮುದುಕರು ಕೆರೆಗೆ ಬಿಟ್ಟು ಬರುವರು. ಕೊಂಕಿಸಿದ ಕೊರಳು ರಾಡಿಯಾಗಿ ಹೋಗುವುದು. ಅತ್ತ ಗಂಡಸರ ತಿಗರಿಯಿಂದ ಇಳಿದ ಹರವಿ ಮನೆ ಮನೆಯ ಮೂಲೆಯಲ್ಲಿ ಕೂತು, ಮಾಡಿದವ ಸತ್ತರೂ ನೀರು ತಣ್ಣಗೆ ಇಡುತ್ತಿತ್ತು. "ಇದು ನಿಮ್ಮ ಮಾವನ ಕೈಯಾಗಿಂದು ನೋಡಬೇ," ಎಂದು ಜನ ಅವಳಿಗೆ ತೋರಿಸುವರು. ಅವಳು ಹೂಂ ಎನ್ನುವಳು.

ಈಚೆಗೆ ಕಿತ್ತೂರಿನಲ್ಲಿ ಹೆಣ್ಣುಮಕ್ಕಳಿಗೆ ಮಣ್ಣಿನ ಕೆಲಸ ಕಲಿಸುವ ಒಂದು ಶಿಬಿರ ನಡೆದಿತ್ತು. ರಾಣಿ ಹೆಸರು ಹಚ್ಚಿದಳು, ಬಸ್ಸಿನಲ್ಲಿ ಒಬ್ಬಳೇ ಹೋಗುವುದು ಬೇಡವೆಂದು ಅತ್ತೆಯನ್ನೂ ಎಳೆದುಕೊಂಡು ಹೋದಳು. ಅಲ್ಲಿ ಗಾಜಿನ ಕಪಾಟಿನಲ್ಲಿ ಒಂದು ಆನೆ ನಿಂತಿತ್ತು. ಅದರ ಹೊಟ್ಟೆಯೇ ಪಾತ್ರೆ, ಬೆನ್ನ ಮೇಲಿನ ಅಂಬಾರಿಯೇ ಮುಚ್ಚಳ. ಕಲಿಸುವ ಹೆಂಗಸು ಅದನ್ನು ಹೊರಗೆ ತೆಗೆದು ಚಹಾ ಹೊಯ್ದು ಬಾಗಿಸಿದಳು. ಸೊಂಡಿಲಿನಿಂದ ಸಣ್ಣ ಧಾರೆಯಾಗಿ ಚಹಾ ಬಟ್ಟಲಿಗೆ ಇಳಿಯಿತು. ಹೆಂಗಸರೆಲ್ಲ ನಕ್ಕರು. ರಾಯವ್ವ ನಗಲಿಲ್ಲ.

"ಯಾರ ಮಾಡ್ಯಾರ್ರೀ ಬಾಯಾರ ಇದನ್ನ?"

"ಒಬ್ಬ ಹೆಣ್ಣಮಗಳು ಮಾಡಿದ್ದಂತ. ದೂರದಾಕಿ. ಆಕಿ ಸತ್ತು ಭಾಳ ವರ್ಷ ಆತಂತ ನೋಡ್ರಿ."

ತಿರುಗಿ ಬರುವಾಗ ಬೈಲಹೊಂಗಲದಲ್ಲಿ ಬಸ್ಸು ಬದಲಿಸಿದರು. ಎರಡನೆಯ ಬಸ್ಸಿನಲ್ಲಿ ಕೂತ ಮೇಲೆ ರಾಯವ್ವ ಒಮ್ಮೆಲೇ ಸಿಡಿದಳು.

"ಆಕಿ ಸತ್ತಾಳ, ಆಕಿ ಆನಿ ಐತಿ. ನಾ ಬದಕೇನಿ, ನನ್ನ ಎತ್ತು ಎಲ್ಲೆದಾವ? ಕೆರ್ಯಾಗ!"

ಮುಂದಿನ ಸೀಟಿನವರು ತಿರುಗಿ ನೋಡಿದರು. "ಅತ್ತೀ, ಸಾವಕಾಶ," ಎಂದಳು ರಾಣಿ.

"ಏನ ಸಾವಕಾಶ? ನನ್ನ ಕೈಯಾಗಿಂದು ಒಂದರೆ ಉಳೀಬೇಕು. ಒಂದು. ನಾನೂ ಚಾದ ಕಿಟ್ಲಿ ಮಾಡತೇನಿ. ಎತ್ತಿನ ಕಿಟ್ಲಿ."

ಮಾಡಿದಳು ಕೂಡ. ಮಣ್ಣನ್ನು ಬತ್ತಿಯಂತೆ ಹೊಸೆದು, ಸುತ್ತಿನ ಮೇಲೆ ಸುತ್ತು ಕೂಡಿಸಿ, ಒದ್ದೆ ಬೆರಳಿನಿಂದ ಸವರಿ ಹೊಟ್ಟೆ ಕಟ್ಟಿದಳು. ಅದಕ್ಕೆ ತಿಗರಿ ಬೇಕಾಗಲಿಲ್ಲ. ಹೆಗಲ ಮೇಲಿನ ಇಣಿಯನ್ನು, ಆ ಡುಬ್ಬವನ್ನು, ಮುಚ್ಚಳ ಮಾಡಿದಳು. ಬಾಲವನ್ನು ಮೇಲೆತ್ತಿ ಬೆನ್ನಿಗೆ ಬಾಗಿಸಿ ಹಿಡಿಕೆ ಮಾಡಿದಳು. ಎತ್ತು ನೀರು ಕುಡಿಯಲು ಮುಂದೆ ಚಾಚಿದ ಮೂತಿಯಿಂದ ಚಹಾ ಬೀಳಬೇಕು. ಕಾಲುಗಳನ್ನು ಮಾತ್ರ ಹಬ್ಬದ ಎತ್ತಿಗೆ ಮಾಡಿದಂತೆಯೇ ಮಾಡಿದಳು, ದಪ್ಪಗೆ, ಗಟ್ಟಿ ಮಣ್ಣಿನ ಗುಂಡಿನಿಂದ. ಇಣಿಯೂ ಗಟ್ಟಿಯೇ. ಕೈಗೆ ಬಂದ ರೂಢಿ ಅದು. ಅವಳ ಎತ್ತು ಎಂದೂ ಬೆಂಕಿ ಕಂಡಿರಲಿಲ್ಲ, ಹಾಗಾಗಿ ಬೆಂಕಿಗೆ ಏನು ಬೇಕು, ಏನು ಬೇಡ ಎಂದು ಅವಳಿಗೆ ಯಾರು ಹೇಳಿದ್ದರು?

ಒಣಗಿದ ಎತ್ತನ್ನು ಗಂಡ ಶಂಕರೆಪ್ಪನ ಕೈಗೆ ಕೊಟ್ಟಳು. ಶಂಕರೆಪ್ಪ ಮೆತ್ತಗಿನ ಮನುಷ್ಯ. ಹುಟ್ಟಿದಾಗಿನಿಂದ ಅಣ್ಣನ ನೆರಳಿನಲ್ಲೇ ನಿಂತವನು. ಅವನು ಅದನ್ನು ಒಯ್ದು ಅಣ್ಣ ಒಟ್ಟುತ್ತಿದ್ದ ಆವಿಗೆಯ ಬಳಿ ಇಟ್ಟ. ಮಹಾಂತಪ್ಪ ಕೈಯಲ್ಲಿ ಎತ್ತಿಕೊಂಡ. ಮೇಲೆ ಕೆಳಗೆ ತೂಗಿ ನೋಡಿದ. ಒಂದು ಕಾಲನ್ನು ಉಗುರಿನಿಂದ ತಟ್ಟಿದ. ಬಾಗಿಲ ಸಂದಿಯಿಂದ ರಾಯವ್ವ ನೋಡುತ್ತಲೇ ಇದ್ದಳು. ಅವನ ಮೀಸೆಯ ಒಂದು ತುದಿ ಅಲುಗಿತು.

"ಇರಲಿ, ಇಡು," ಎಂದ. "ಮಗ್ಗಲಕ್ಕ ಇಡು. ಆ ಒಡಕ ಗಡಗಿ ಹಂತ್ಯಾಕ."

ಇಷ್ಟೇ ನಡೆದದ್ದು. ಈಗ ನೋಡಿದರೆ ಎತ್ತು ಚೂರುಚೂರು, ಓಣಿಯ ಬಾಯಿಗೆ ಬಸವಣ್ಣನ ಶಾಪ.

ಓಣಿಯವರು ಕಟ್ಟೆಗೆ ಕೂತು ತೀರ್ಮಾನ ಮಾಡಿದರು. ರಾಯವ್ವ ಸೋಮವಾರ ಗುಡಿಗೆ ಹೋಗಿ ಬಸವಣ್ಣನಿಗೆ ಎಣ್ಣೆ ಹೊಯ್ಯಬೇಕು, ತಪ್ಪಾಯಿತು ಅನ್ನಬೇಕು, ಬಂದು ಭಾವನ ಕಾಲು ಮುಟ್ಟಬೇಕು. ಶಂಕರೆಪ್ಪ ಈ ಸುದ್ದಿ ಹೊತ್ತು ತಂದು ಅಡುಗೆಮನೆಯ ಹೊಸ್ತಿಲ ಮೇಲೆ ಕುಕ್ಕರಗಾಲಲ್ಲಿ ಕೂತ.

"ಬಸವಣ್ಣಗ ಎಣ್ಣಿ ಹೊಯ್ಯತೇನಿ," ಎಂದಳು ರಾಯವ್ವ. "ಅಂವಾ ನಮ್ಮ ಮನಿ ದೇವರು, ದಿನಾ ಹೊಯ್ ಅಂದ್ರೂ ಹೊಯ್ಯತೇನಿ. ಕಾಲ ಯಾಕ ಮುಟ್ಟಲಿ?"

"ಗಡಗಿ ಒಡದಾವಲ್ಲ ಅಣ್ಣಂದು."

"ಒಡದಿದ್ದು ಮೊದಲ ಒಡದಿದ್ದು. ನಾ ನೋಡೇನಿ."

"ಓಣ್ಯಾಗ ಇರಬೇಕೋ ಬ್ಯಾಡೋ? ಒಂದ ಸಲ ಬಗ್ಗಿದ್ರ ಮುಗೀತು."

"ಬಗ್ಗಿ ಬಗ್ಗಿ ನಿಮ್ಮ ಬೆನ್ನು ಈ ಪರಿ ಆಗೇತಿ. ನನಗ ಹೇಳಾಕ ಬರಬ್ಯಾಡ್ರಿ," ಎಂದು ರೊಟ್ಟಿಯನ್ನು ಹಂಚಿನ ಮೇಲೆ ಬಡಿದಳು. ಶಂಕರೆಪ್ಪ ಎದ್ದು ಹೊರಗೆ ಹೋದ. ಆ ದಿನದ ರೊಟ್ಟಿ ಎಲ್ಲ ಹರಿದು ಬಂದವು ಎಂದು ರಾಣಿ ಆಮೇಲೆ ನಗುತ್ತ ಹೇಳುತ್ತಿದ್ದಳು.

ಮರುದಿನ ಮಹಾಂತಪ್ಪ ಸಂತೆಗೆ ಹೋದಾಗ ರಾಯವ್ವ ಮೊರ ಹಿಡಿದುಕೊಂಡು ಆವಿಗೆಗೆ ಹೋದಳು. ಬೂದಿ ಸೋಸಿ ಎತ್ತಿನ ಚೂರುಗಳನ್ನೆಲ್ಲ ಆರಿಸಿ ತಂದಳು. ಹಿತ್ತಲಲ್ಲಿ ಗೋಣಿ ಹಾಸಿ, ಹೆಣ ಜೋಡಿಸಿದಂತೆ ಒಂದೊಂದನ್ನೂ ಅದರದರ ಜಾಗಕ್ಕೆ ಇಡುತ್ತ ಕೂತಳು. ಹೊಟ್ಟೆಯ ಚೂರುಗಳು ಅಂಗೈಯಗಲ ಉಳಿದಿದ್ದವು, ಕೂಡಿಸಿದರೆ ಹೊಟ್ಟೆಯಾಗುತ್ತಿತ್ತು. ಬಾಲ ಇತ್ತು. ಮೂತಿ ಇತ್ತು. ಕಾಲು ಮಾತ್ರ ಇರಲಿಲ್ಲ. ಕಾಲಿನ ಜಾಗಕ್ಕೆ ಇಡಲು ಸಿಕ್ಕಿದ್ದು ಗೋದಿಕಾಳಿನಂಥ ನುಚ್ಚು. ಇಣಿಯೂ ನುಚ್ಚು.

"ಏ ರಾಣಿ, ಬಾ ಇಲ್ಲಿ. ದೇವರಿಗೆ ಸಿಟ್ಟು ಬಂದ್ರ ಹೊಟ್ಟಿ ಬಿಟ್ಟು ಕಾಲ ಅಷ್ಟ ಯಾಕ ಪುಡಿ ಮಾಡ್ತಾನು?"

ರಾಯವ್ವ ಎದ್ದು, ಒಂದು ಗಟ್ಟಿ ಗುಂಡು, ಒಂದು ತೆಳ್ಳನೆಯ ಬಿಲ್ಲೆ ಮಾಡಿದಳು. ಎರಡನ್ನೂ ಎರಡು ದಿನ ಮಾಡಿನ ಮೇಲೆ ಒಣಗಿಸಿ, ಒಲೆಯ ಕೆಂಡದೊಳಗೆ ತುರುಕಿ, ಪಲ್ಯಕ್ಕೆ ಒಗ್ಗರಣೆ ಹಾಕುತ್ತ ನಿಂತಳು. ಸ್ವಲ್ಪ ಹೊತ್ತಿಗೆ ಒಲೆಯಲ್ಲಿ ಫಟ್ ಎಂದಿತು. ಕೆಂಡ ಹಾರಿ ರಾಣಿಯ ಸೀರೆಯಂಚಿಗೆ ಬಿತ್ತು. "ಯವ್ವಾ!" ಎಂದು ಅವಳು ಜಿಗಿದಳು. ಬೂದಿ ಕೆದರಿ ನೋಡಿದರೆ ಗುಂಡು ನುಚ್ಚಾಗಿತ್ತು. ಬಿಲ್ಲೆ ಕೆಂಪಗೆ, ಇಡಿಯಾಗಿ ಕೂತಿತ್ತು.

ರಾಯವ್ವ ಒಲೆಯ ಮುಂದೆ ಹಾಗೇ ಕೂತುಬಿಟ್ಟಳು. ಗಂಡಸರು ಗಡಿಗೆಯನ್ನು ಹಲಗೆಯಿಂದ ಬಡಿದು ಬಡಿದು ತೆಳ್ಳಗೆ ಮಾಡುವುದನ್ನು ಅವಳು ಜನ್ಮವಿಡೀ ನೋಡಿದ್ದಳು. ಹಗುರ ಆಗಲೆಂದು ಬಡಿಯುತ್ತಾರೆ ಎಂದುಕೊಂಡಿದ್ದಳು. ದಪ್ಪ ಮಣ್ಣಿನ ಒಡಲೊಳಗಿನ ಪಸೆಗೆ ಹೊರಗೆ ಬರಲು ದಾರಿ ಇರುವುದಿಲ್ಲ, ಅದಕ್ಕೇ ಸಿಡಿಯುತ್ತದೆ. ಇದು ಆವಿಗೆ ಒಟ್ಟುವವನಿಗೆ ಗೊತ್ತಿರದ ಮಾತೇ? ಕೈಯಲ್ಲಿ ತೂಗಿ ನೋಡಿದವನಿಗೆ? ಉಗುರಿನಿಂದ ಕಾಲು ತಟ್ಟಿದವನಿಗೆ?

ಅವಳು ಎದ್ದಳು. ಗುಂಡಿನ ನುಚ್ಚನ್ನು ಮುಷ್ಟಿಯಲ್ಲಿ ಹಿಡಿದಳು. ಹೊರಗೆ ಬಂದಳು. ಮಹಾಂತಪ್ಪ ಕಟ್ಟೆಯ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದ. ರಾಯವ್ವ ಅವನ ಎದುರಿಗೆ ಹೋಗಿ ನಿಂತಳು. ಸೆರಗು ಹೆಗಲಿಗೆ ಜಾರಿತ್ತು. ಎಳೆದುಕೊಳ್ಳಲಿಲ್ಲ.

"ಭಾವಾರ, ನಿಮಗ ಗೊತ್ತಿತ್ತು."

ಓಣಿಯಲ್ಲಿ ಬೀಸುತ್ತಿದ್ದ ಕಲ್ಲು ನಿಂತಿತು. ಮಹಾಂತಪ್ಪ ಮೊದಲು ಅವಳ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದ. ಆ ಮಾತು ತನಗೇ ಎಂದು ನಂಬಲು ಅವನಿಗೆ ಕ್ಷಣ ಹಿಡಿಯಿತು.

"ಯಾರ ಜೋಡಿ ಮಾತಾಡಾಕತ್ತೀದಿ, ಖಬರ ಐತೇನ?"

"ಐತಿ. ಇವತ್ತ ಖಬರ ಬಂದೇತಿ. ಕಾಲು ಗಟ್ಟಿ ಅದಾವ, ಇದು ಸಿಡೀತೈತಿ ಅಂತ ಎತ್ತನ್ನ ಕೈಯಾಗ ಹಿಡದಾಗ ನಿಮಗ ಗೊತ್ತಾಗಿತ್ತು. ಅದಕ್ಕ ಒಡಕ ಗಡಗಿ ಹಂತ್ಯಾಕ ಇಡಿಸಿದ್ರಿ. ನಿಮ್ಮ ಚಲೋ ಗಡಗಿ ಒಂದೂ ಹೋಗಿಲ್ಲ." ಮುಷ್ಟಿ ಬಿಚ್ಚಿ ನುಚ್ಚನ್ನು ಕಟ್ಟೆಯ ಮೇಲೆ ಸುರಿದಳು. "ಬಸವಣ್ಣನ್ನ ಸುಟ್ಟಳು ಅಂದ್ರಿ. ಬಸವಣ್ಣನ್ನ ಯಾಕ ನಡಬರಕ ತಂದ್ರಿ? ಒಂದ ಮಾತು ಹೇಳಾಕ ನಿಮ್ಮ ಬಾಯಿಗೇನ ಬಡದಿತ್ತು?"

ಮಹಾಂತಪ್ಪನ ಮುಖಕ್ಕೆ ರಕ್ತ ಏರಿತು. ಸುಳ್ಳು ಹೇಳುವ ಮನುಷ್ಯ ಅವನಲ್ಲ. ಅದೊಂದು ಅವನಲ್ಲಿತ್ತು.

"ಗೊತ್ತಿತ್ತು! ಏನೀಗ? ಹೆಣ್ಣಮಕ್ಕಳ ಜೋಡಿ ಮಾತಾಡೋ ರೀತಿ ಐತೇನ ನಮ್ಮ ಮನ್ಯಾಗ, ಹೇಳಾಕ? ನಮ್ಮವ್ವ ಮಾಡಿದ್ದೂ ನೀರಿಗೆ ಹೋತು, ನಮ್ಮ ಆಯಿ ಮಾಡಿದ್ದೂ ನೀರಿಗೆ ಹೋತು. ನೀ ಯಾವ ದೊಡ್ಡಾಕಿ? ಕೇಳಿಕೋ, ಇನ್ನ ನಿನ್ನ ಕೈಯಾಗಿಂದು ಯಾವುದೂ ನನ್ನ ಆವಗಿಗೆ ಬರಂಗಿಲ್ಲ. ಓಣಿಗೆ ಒಂದ ಬೆಂಕಿ. ಅದನ್ನ ಹಚ್ಚಾಂವ ಹಿರ್ಯಾ."

"ನಿಮ್ಮ ಬೆಂಕಿ ನೀವ ಇಟಗೊಳ್ರಿ," ಎಂದಳು ರಾಯವ್ವ. ತಿರುಗಿ ನಡೆದಳು. ಇಷ್ಟು ವರ್ಷ ಆಡದ ಮಾತುಗಳೆಲ್ಲ ಒಮ್ಮೆಲೇ ನಾಲಗೆಗೆ ಬಂದು ನೂಕಾಡುತ್ತಿದ್ದವು.

ಸೋಮವಾರ ಗುಡಿಗೆ ಹೋಗಿ ಎಣ್ಣೆ ಹೊಯ್ದು ಬಂದಳು. ದೇವರ ಜೊತೆ ಅವಳ ಜಗಳ ಇರಲಿಲ್ಲ. ಬಂದವಳೇ ಮಣ್ಣು ನೆನೆಹಾಕಿದಳು.

"ಈ ಸಲ ಯಾವ ದೇವರ ಹೆಸರೂ ಬಾಯಿಗೆ ಬರಬಾರದು, ಅಂಥಾ ಪ್ರಾಣಿ ಹೇಳ," ಎಂದಳು ಸೊಸೆಗೆ.

"ನಾಯಿ?"

"ಮೈಲಾರಲಿಂಗಂದು."

"ಇಲಿ?"

"ಗಣಪ್ಪ ಬಿಡ್ತಾನೇನ?"

"ಮಂಗ್ಯಾ... ಬ್ಯಾಡ, ಹಣಮಪ್ಪ. ಕಾಗಿ ಅಂದ್ರ ಶನಿದೇವರು." ರಾಣಿ ಯೋಚಿಸಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡಳು. "ಅತ್ತೀ, ಕತ್ತಿ?"

ರಾಯವ್ವ ನೆನೆಹಾಕಿದ ಮಣ್ಣಿನೊಳಗೆ ಕೈ ಅದ್ದಿದಳು. ಹೆಂಗಸರ ಜೊತೆ ಕುಂಬಾರರ ಮಣ್ಣು ಹೊತ್ತದ್ದು ಕತ್ತೆ. ಟ್ರ್ಯಾಕ್ಟರು ಬರುವ ಮುಂಚೆ ಓಣಿಯ ತುಂಬ ಕತ್ತೆಗಳಿದ್ದವು. ಹೊತ್ತವು, ಹೊಡೆತ ತಿಂದವು, ಒಂದು ದಿನವೂ ಯಾರೂ ಅವುಗಳ ಹಣೆಗೆ ಕುಂಕುಮ ಹಚ್ಚಲಿಲ್ಲ.

"ಕತ್ತೀನ," ಎಂದಳು. "ಒದರೋ ಕತ್ತಿ."

ಈ ಸಲ ಅವಳು ಕೈಗೆ ಹೊಸದಾಗಿ ಪಾಠ ಹೇಳಿದಳು. ಜೋಳದ ದಂಟು ತುಂಡು ಮಾಡಿ, ಅದರ ಸುತ್ತ ತೆಳ್ಳಗೆ ಮಣ್ಣು ಸುತ್ತಿ ಕಾಲು ಮಾಡಿದಳು. ಬೆಂಕಿಯಲ್ಲಿ ದಂಟು ಸುಟ್ಟು ಹೋಗುತ್ತದೆ, ಒಳಗೆ ಪೊಳ್ಳು ಉಳಿಯುತ್ತದೆ. ಅಂಗಾಲಿಗೆ ದಬ್ಬಣದಿಂದ ತೂತು ಹಾಕಿದಳು. ಹೊಟ್ಟೆ ಉಬ್ಬಿಸಿದಳು. ಕೊರಳನ್ನು ಆಕಾಶಕ್ಕೆ ಎತ್ತಿ, ಬಾಯಿ ಅಗಲಿಸಿ, ಹಲ್ಲುಗಳನ್ನೂ ಕೊರೆದಳು. ಚಹಾ ಬೀಳುವುದು ಆ ಒದರುವ ಬಾಯಿಂದಲೇ. ಹಿಡಿಕೆಗೆ ಒಂದು ಓತಿಕ್ಯಾತ ಮಾಡಿದಳು, ಹಿಂಗಾಲಿನಿಂದ ಕತ್ತೆಯ ಬಾಲ ಅಪ್ಪಿ ಹಿಡಿದು ಮುಂಗಾಲು ಕೊರಳಿಗೆ ಚಾಚಿದ ಓತಿಕ್ಯಾತ. ಬೆನ್ನ ಮೇಲಿನ ಮುಚ್ಚಳದ ಮೇಲೆ ಒಂದು ಕಪ್ಪೆ ಕೂಡಿಸಿದಳು, ಮಳೆ ಯಾವಾಗ ಎಂದು ಕೇಳುವಂತೆ ಗಲ್ಲ ಉಬ್ಬಿಸಿದ ಕಪ್ಪೆ. ಕೆಮ್ಮಣ್ಣು ಬಳಿದು ನುಣ್ಣನೆಯ ಕಲ್ಲಿನಿಂದ ಉಜ್ಜಿ ಉಜ್ಜಿ ಹೊಳಪು ಕೊಟ್ಟಳು. ಉಜ್ಜುವಾಗಲೂ ಬಾಯಲ್ಲಿ ಏನೋ ಬೈಗುಳ ನಡೆದೇ ಇರುತ್ತಿತ್ತು. ಅದು ಕತ್ತೆಗೋ ಭಾವನಿಗೋ ಎಂದು ರಾಣಿ ಕೇಳಲಿಲ್ಲ.

ಒಣಗಿತು. ರಾಯವ್ವ ಹಿತ್ತಲಲ್ಲಿ ತಗ್ಗು ತೋಡಿ, ಕತ್ತೆಯನ್ನಿಟ್ಟು, ಸುತ್ತ ಸಗಣಿಯ ಕುಳ್ಳು ಒಟ್ಟಿದಳು. ಬೆಳಿಗ್ಗೆ, ಓಣಿಯೆಲ್ಲ ಎದ್ದು ಕೂತ ಹೊತ್ತಿಗೆ, ಎಲ್ಲರೂ ಕಾಣಲೆಂದೇ ಬೆಂಕಿ ಹಚ್ಚಿದಳು. ಹೊಗೆ ಏರಿದ್ದೇ ತಡ ಮಹಾಂತಪ್ಪ ಬಂದ. ಕೈಯಲ್ಲಿ ನೀರಿನ ಕೊಡ. ಹಿಂದೆ ಓಣಿಯ ನಾಲ್ಕಾರು ಗಂಡಸರು.

"ಆರಸು."

ರಾಯವ್ವ ಬೆಂಕಿಗೂ ಅವನಿಗೂ ನಡುವೆ ನಿಂತಳು. "ಹೊಯ್ರಿ ನೀರು. ನನ್ನ ಮ್ಯಾಲೆ ಹೊಯ್ರಿ. ಬೆಂಕಿಗೆ ಮುಟ್ಟಬೇಕಂದ್ರ ನನ್ನ ದಾಟಿ ಮುಟ್ಟಬೇಕು."

"ಶಂಕ್ರ್ಯಾ! ನಿನ್ನ ಹೇಂತಿಗೆ ಹೇಳೋ!"

ಶಂಕರೆಪ್ಪ ಕುಳ್ಳಿನ ಬುಟ್ಟಿ ಹೊತ್ತು ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಹೆಂಡತಿಯ ಮುಖ ನೋಡಿದ, ಅಣ್ಣನ ಮುಖ ನೋಡಿದ. ನೆಲ ನೋಡುತ್ತ ಹೇಳಿದ:

"ಹೇಳೂದು ನೀ ಹೇಳಬೇಕಿತ್ತಣ್ಣ. ಎತ್ತು ಕೈಯಾಗ ಹಿಡದಾಗ. ಆಕಿಗಿ ಬ್ಯಾಡ, ನನಗರೆ ಹೇಳಬೇಕಿತ್ತು. ನಾ ಮಗ್ಗಲದಾಗ ನಿಂತಿದ್ದೆ."

ಬುಟ್ಟಿ ಇಳಿಸಿ, ಕುಳ್ಳು ಒಂದೊಂದಾಗಿ ಬೆಂಕಿಗೆ ಒಟ್ಟತೊಡಗಿದ. ಹಿಂದಿದ್ದ ಗಂಡಸರಲ್ಲಿ ಒಬ್ಬ ಕೆಮ್ಮಿದ. ಮಹಾಂತಪ್ಪನ ಕೊಡ ತುಳುಕಿ ಅವನದೇ ಕಾಲು ತೊಯ್ಯಿತು. ಕೊಡವನ್ನು ಅಲ್ಲೇ ಕುಕ್ಕಿ ಹೊರಟು ಹೋದ. ಗಂಡ ಇಷ್ಟಾದರೂ ಅಂದನಲ್ಲ ಎಂದು ರಾಯವ್ವ ಮೆತ್ತಗಾಗಲಿಲ್ಲ. "ಮ್ಯಾಲ ಒಟ್ಟಬ್ಯಾಡ್ರಿ, ಮಗ್ಗಲಕ್ಕ ಒಟ್ಟ್ರಿ, ಅಷ್ಟೂ ತಿಳಿಯಂಗಿಲ್ಲ?" ಎಂದು ಅವನಿಗೂ ಗದರಿದಳು.

ಬೂದಿ ಆರಿದ ಮೇಲೆ ಕೈ ಹಾಕಿದಳು. ಮೊದಲು ಸಿಕ್ಕಿದ್ದು ಒಂದು ಕಿವಿ, ಬರೀ ಕಿವಿ. ರಾಣಿ ಕಣ್ಣು ಮುಚ್ಚಿಕೊಂಡಳು. ಆಮೇಲೆ ಕತ್ತೆ ಬಂತು. ಒಂದು ಕಿವಿ ಇಲ್ಲದ, ಹೊಟ್ಟೆಗೆ ಹೊಗೆಯ ಕಪ್ಪು ಮಚ್ಚೆ ಬಿದ್ದ, ನಾಲ್ಕು ಕಾಲಿನ ಮೇಲೆ ಗಟ್ಟಿಯಾಗಿ ನಿಂತ ಕತ್ತೆ. ರಾಯವ್ವ ಬೆರಳ ಗೆಣ್ಣಿನಿಂದ ಬಡಿದಳು. ಠಣ್ ಎಂದಿತು. ಮತ್ತೆ ಬಡಿದಳು, ಇನ್ನೂ ಜೋರಾಗಿ, ಮಹಾಂತಪ್ಪನ ಮನೆಯ ಗೋಡೆಯಾಚೆ ಕೇಳುವಂತೆ.

ಹೊಸ ಗಡಿಗೆ ಪಳಗಿಸಿದಂತೆ ಅಕ್ಕಿಯ ಗಂಜಿ ತುಂಬಿಟ್ಟು, ತೊಳೆದು, ಆಮೇಲೆ ಚಹಾ ಹೊಯ್ದಳು. ಓಣಿಯ ಹೆಂಗಸರು ಒಬ್ಬೊಬ್ಬರೇ ಲೋಟ ಹಿಡಿದು ಬಂದರು. ಕತ್ತೆ ಬಾಯಿ ತೆರೆದು ಚಹಾ ಕಾರುವುದನ್ನು ನೋಡಿ ಬಿದ್ದು ಬಿದ್ದು ನಕ್ಕರು. "ಇದು ಯಾರ ಹಂಗ ಒದರತೈತಿ ಹೇಳಲೇನ?" ಎಂದು ಒಬ್ಬಳು ಅಂದಳು. "ಸುಮ್ಮನ ಕುಡಿ," ಎಂದಳು ರಾಯವ್ವ. ನಗೆಯಲ್ಲಿ ತೇಲಿಸಿ ಬಿಡುವ ಮಾತಾಗಿರಲಿಲ್ಲ ಅವಳಿಗೆ ಅದು.

ಎಲ್ಲರೂ ಹೋದ ಮೇಲೆ ಹಿತ್ತಲ ಬಾಗಿಲು ಕಿರ್ ಎಂದಿತು. ಮಹಾಂತಪ್ಪನ ಹೆಂಡತಿ ಯಲ್ಲವ್ವ. ಲೋಟ ತಂದಿರಲಿಲ್ಲ. ಸೆರಗಿನೊಳಗಿಂದ ಏನನ್ನೋ ತೆಗೆದು ಕಟ್ಟೆಯ ಮೇಲಿಟ್ಟಳು. ಒದ್ದೆ ಮಣ್ಣಿನ ಕೋಳಿ. ರೆಕ್ಕೆ ಅಗಲಿಸಿ ಮರಿಗಳನ್ನು ಮುಚ್ಚಿಕೊಂಡು ಕೂತ ಹೇಂಟೆ.

"ನಿನ್ನ ಬೆಂಕ್ಯಾಗ ಇದಕ್ಕ ಜಾಗಾ ಐತೇನ ರಾಯವ್ವ?"

ರಾಯವ್ವನಿಗೆ ಸಿಟ್ಟು ನೆತ್ತಿಗೇರಿತು. "ಇಷ್ಟ ವರ್ಷ ಎಲ್ಲಿ ಸತ್ತಿದ್ದಿ ಯಕ್ಕಾ? ಓಣ್ಯಾಗ ನನಗ ಬಸವಣ್ಣನ್ನ ಸುಟ್ಟಾಕಿ ಅಂದಾಗ ಬಾಗಲಾಗ ನಿಂತು ಕೇಳಿದಿ. ನಿನ್ನ ಗಂಡ ಕೊಡ ಹಿಡದು ಬಂದಾಗ ನೀ ಎಲ್ಲಿದ್ದಿ?"

ಯಲ್ಲವ್ವ ಸೆರಗಿನ ತುದಿಯಿಂದ ಕೋಳಿಯ ಕೊಕ್ಕಿಗೆ ಅಂಟಿದ ಎಳೆ ತೆಗೆಯುತ್ತ ನಿಂತಳು.

ರಾಯವ್ವ ಬೈಯುತ್ತಲೇ ಕೋಳಿಯನ್ನು ಕೈಗೆತ್ತಿಕೊಂಡಳು. ತೂಗಿ ನೋಡಿದಳು. ಭಾರ ಇತ್ತು.

"ಎದಿ ಗಟ್ಟಿ ಐತಿ. ಮರಿನೂ ಗಟ್ಟಿ. ಹಿಂಗ ಹಾಕಿದ್ರ ಸಿಡೀತೈತಿ. ಮುರಿ ಇದನ್ನ."

"ರೂಪ ಚಲೋ ಬಂದೈತೆಲ್ಲಬೇ..."

"ಚಲೋ ಬಂದೇತಿ. ಮುರಿ. ಕುಂಡ್ರು ಇಲ್ಲಿ, ಒಳಗ ಹೆಂಗ ಪೊಳ್ಳ ಬಿಡಬೇಕು ತೋರಸ್ತೇನಿ. ಮತ್ತ ಆಮ್ಯಾಲೆ ನನಗ ಯಾರೂ ಹೇಳಲಿಲ್ಲ ಅನಬ್ಯಾಡ."

ಯಲ್ಲವ್ವ ಕೋಳಿಯ ಬೆನ್ನಿಗೆ ಹೆಬ್ಬೆರಳು ಒತ್ತಿದಳು. ರಾಯವ್ವ ದಂಟು ಮುರಿಯಲು ಜೋಳದ ಕಣಿಕೆಯ ಬಣವೆಯ ಕಡೆ ನಡೆದಳು, ಇನ್ನೂ ಬೈಯುತ್ತಲೇ.